ಬೇಜಾರು ಅಂದ್ರೆ ಬೋರ್ ಅಲ್ಲ ಸ್ವಾಮಿ

ದೆಹಲಿಯಲ್ಲಿ ಮೂವತ್ತು ವರ್ಷ ಕಳೆದ ಕನ್ನಡಿಗನಿಗೆ ಹಿಂದಿ ಬರುತ್ತೆ. ತಿಲಕನಗರದ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವಷ್ಟು ಬರುತ್ತೆ. ಡಿಡಿಎ ಕಚೇರಿಯ ಗುಮಾಸ್ತನ ಹತ್ತಿರ ಜಗಳ ಆಡುವಷ್ಟು ಬರುತ್ತೆ. ಪಕ್ಕದ ಮನೆ ಸರ್ದಾರ್ಜಿ ಹೇಳುವ ಜೋಕಿಗೆ ಸರಿಯಾದ ಜಾಗದಲ್ಲಿ ನಗುವಷ್ಟೂ ಬರುತ್ತೆ. ಆದರೆ ಅಳುವಷ್ಟು ಬರೋದಿಲ್ಲ. ಅಳೋದಕ್ಕೆ ನಮಗಿನ್ನೂ ಕನ್ನಡವೇ ಬೇಕು.

ಇದನ್ನು ಭಾಷಾಭಿಮಾನದ ಭಾಷಣ ಅಂದ್ಕೋಬೇಡಿ. ನವೆಂಬರ್ ತಿಂಗಳಿಗೆ ಅದೆಲ್ಲ ಇದ್ದೇ ಇದೆ. ಇವತ್ತು ನಾನು ಬರೆಯಹೊರಟಿದ್ದು ಆನ್‌ಲೈನ್ ಕೌನ್ಸೆಲಿಂಗ್ ಬಗ್ಗೆ. ಅಂದರೆ ಫೋನಿನಲ್ಲೋ ವಿಡಿಯೋದಲ್ಲೋ ಮನಸ್ಸಿನ ಡಾಕ್ಟರ ಹತ್ತಿರ, ಆಪ್ತ ಸಲಹೆಗಾರರ ಹತ್ತಿರ ಮಾತಾಡೋದು. ಒಬ್ಬರೇ ಮಾತಾಡಬಹುದು, ಗಂಡ ಹೆಂಡತಿ ಕೂತು ಮಾತಾಡಬಹುದು, ಇಡೀ ಮನೆಯೇ ಕೂತು ಮಾತಾಡಬಹುದು. ನಮ್ಮಲ್ಲಿ ಬಹಳ ಜನ ಇದನ್ನ "ದುಡ್ಡು ಹೆಚ್ಚಾದವರ ಶೋಕಿ" ಅಂತ ತಳ್ಳಿಹಾಕ್ತಾರೆ. ನನ್ನ ಪ್ರಕಾರ ಊರು ಬಿಟ್ಟು ಬಂದವರಿಗೆ ಇದರಷ್ಟು ಉಪಯೋಗಕ್ಕೆ ಬರೋದು ಇನ್ನೊಂದಿಲ್ಲ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

ನನಗೆ ಗೊತ್ತಿರುವ ಒಂದು ಮನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೀತಿದ್ದೀನಿ. ಮಲೆನಾಡಿನ ಕಡೆಯವರು. ಅಪ್ಪ ತೀರಿಕೊಂಡ ಮೇಲೆ ಮಗ ಅಮ್ಮನನ್ನು ಇಲ್ಲಿಗೆ, ಜನಕಪುರಿಗೆ ಕರಕೊಂಡು ಬಂದ. ಎರಡನೇ ಮಹಡಿಯ ಫ್ಲ್ಯಾಟು. ಲಿಫ್ಟ್ ಇಲ್ಲ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಮೊಮ್ಮಗ ಹಿಂದಿ ಇಂಗ್ಲಿಷ್ ಕಲಸಿ ಮಾತಾಡುವವನು. ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಆರು ತಿಂಗಳಲ್ಲಿ ಆಕೆ ಊಟ ಕಡಿಮೆ ಮಾಡಿದರು, ಆಮೇಲೆ ಮಾತು ಕಡಿಮೆ ಮಾಡಿದರು. ರಾತ್ರಿ ಮೂರಕ್ಕೆ ಎದ್ದು ಅಡುಗೆಮನೆಯಲ್ಲಿ ದೀಪ ಹಾಕದೆ ಕೂತಿರೋರು.

ಮಗ ಒಳ್ಳೆಯವನೇ. ಡಾಕ್ಟರ ಹತ್ತಿರ ಕರಕೊಂಡು ಹೋದ. ಡಾಕ್ಟರು ಹಿಂದಿಯಲ್ಲಿ ಕೇಳಿದರು, ಮಗ ಕನ್ನಡದಲ್ಲಿ ಕೇಳಿದ, ಅಮ್ಮ ಹೇಳಿದರು: "ಯಾಕೋ ತುಂಬಾ ಬೇಜಾರು ಕಣೋ." ಮಗ ಹಿಂದಿ ಮಾಡಿದ: "ಬೋರ್ ಹೋತೀ ಹೈ." ಡಾಕ್ಟರು ಟೀವಿ ಹಾಕಿಕೊಡಿ, ಪಾರ್ಕಿಗೆ ಕರಕೊಂಡು ಹೋಗಿ ಅಂದರು. ಇನ್ನೊಂದು ಸಲ ಅಮ್ಮ "ಹೊಟ್ಟೆ ಉರೀತದೆ" ಅಂದರು. ಅದು ಹಿಂದಿಗೆ ಹೋಗುವಷ್ಟರಲ್ಲಿ ಅಸಿಡಿಟಿ ಆಗಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಬರೆದುಕೊಟ್ಟರು.

ನಗು ಬರುತ್ತೆ ಅಲ್ವಾ? ನನಗೂ ಕೇಳಿದಾಗ ಮೊದಲು ನಗುವೇ ಬಂತು. ಆದರೆ ಯೋಚನೆ ಮಾಡಿ. "ಬೇಜಾರು" ಅನ್ನೋ ಒಂದೇ ಮಾತಿನಲ್ಲಿ ನಾವು ಎಷ್ಟೆಲ್ಲ ತುಂಬಿಟ್ಟಿದ್ದೀವಿ! ಹೊತ್ತು ಹೋಗದಿದ್ದರೂ ಬೇಜಾರು, ಯಾರೋ ಮನಸ್ಸಿಗೆ ನೋವಾಗುವಂತೆ ಅಂದರೂ ಬೇಜಾರು, ಗಂಡ ಸತ್ತ ದುಃಖಕ್ಕೂ ಬೇಜಾರು, ಬದುಕೇ ಬೇಡ ಅನ್ನಿಸಿದಾಗಲೂ ಬೇಜಾರು. "ಸಾಕಾಗಿದೆ" ಅನ್ನೋದೂ ಹಾಗೇ. ಮನೆಗೆಲಸ ಮಾಡಿ ಸಾಕಾಗಿದೆಯೋ, ಬದುಕಿದ್ದೇ ಸಾಕಾಗಿದೆಯೋ? ಕನ್ನಡ ಬಲ್ಲವರಿಗೆ ದನಿಯಲ್ಲೇ ತಿಳಿಯುತ್ತೆ. ಬಾರದವರಿಗೆ ಹತ್ತು ಪ್ರಶ್ನೆ ಕೇಳಿದರೂ ತಿಳಿಯೋದಿಲ್ಲ. ಅಷ್ಟಕ್ಕೂ ಹತ್ತು ಪ್ರಶ್ನೆ ಕೇಳುವ ಪುರುಸೊತ್ತು ನಮ್ಮ ದೊಡ್ಡಾಸ್ಪತ್ರೆಗಳ ಓಪಿಡಿಯಲ್ಲಿ ಯಾರಿಗಿದೆ?

ಪದ ಸಿಗದೇ ಇರೋದು ಅರ್ಧ ಸಮಸ್ಯೆ ಮಾತ್ರ. ಇನ್ನರ್ಧ ಇನ್ನೂ ದೊಡ್ಡದು. ಅಲ್ಲಿ ಅನುವಾದ ಮಾಡ್ತಾ ಇದ್ದವನು ಮಗ. ಅಮ್ಮನ ಸಂಕಟದಲ್ಲಿ ಅವನೂ ಒಬ್ಬ ಕಕ್ಷಿದಾರ. ಆಕೆಗೆ ಮಗನ ಮೇಲೆ, ಸೊಸೆಯ ಮೇಲೆ ಏನಾದರೂ ಹೇಳೋದಿದ್ದರೆ ಅದನ್ನ ಮಗನ ಬಾಯಿಂದಲೇ ಡಾಕ್ಟರಿಗೆ ಹೇಳಿಸಬೇಕು. ಯಾವ ತಾಯಿ ಹೇಳಿಯಾಳು? ಕೋರ್ಟಿನಲ್ಲಿ ಎದುರು ಪಾರ್ಟಿಯವರನ್ನೇ ದುಭಾಷಿಯಾಗಿ ನಿಲ್ಲಿಸಿದರೆ ನಾವು ಒಪ್ಪುತ್ತೀವಾ? ಆಸ್ಪತ್ರೆಯಲ್ಲಿ ಮಾತ್ರ ದಿನಾ ಒಪ್ಪಿಕೊಳ್ತಾ ಇದ್ದೀವಿ.

ಕೊನೆಗೆ ಆಕೆಯ ಮಗಳು, ಬೆಂಗಳೂರಿನಲ್ಲಿರುವವಳು, ಅಲ್ಲಿನ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ವಿಡಿಯೋದಲ್ಲಿ ಮಾತಾಡುವ ವ್ಯವಸ್ಥೆ ಮಾಡಿದಳು. ಕನ್ನಡದವರೇ. ಮೊದಲ ದಿನ ಆಕೆ ಮಗನಿಗೆ ಹೇಳಿದ ಮೊದಲ ಮಾತು: "ಸ್ವಲ್ಪ ಹೊರಗೆ ಹೋಗಿ, ಬಾಗಿಲು ಹಾಕಿಕೊಳ್ಳಿ." ಮುಕ್ಕಾಲು ಗಂಟೆ ಒಳಗೆ ಏನು ಮಾತಾಯಿತೋ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮಗ ಹೇಳಿದ್ದಿಷ್ಟು: "ಹೊರಗೆ ನಿಂತಿದ್ದೆ. ಅಮ್ಮ ಅಳೋದು ಕೇಳಿಸ್ತು. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ."

ನಾಲ್ಕಾರು ವಾರ ಆದಮೇಲೆ ಆ ಸೈಕಾಲಜಿಸ್ಟು ಅಮ್ಮನ ಒಪ್ಪಿಗೆ ತಗೊಂಡು ಇಡೀ ಸಂಸಾರವನ್ನು ಒಂದೇ ಪರದೆಯ ಮೇಲೆ ಕೂರಿಸಿದರು. ಜನಕಪುರಿಯಿಂದ ಮಗ ಸೊಸೆ, ಬೆಂಗಳೂರಿಂದ ಮಗಳು, ಅಮೆರಿಕದಿಂದ ಕಿರಿಮಗ. ಆಗ ಹೊರಬಿತ್ತು ನೋಡಿ ವಿಷಯ. ಅಪ್ಪ ಹೋದ ವರ್ಷವೇ ಮೂರು ಜನ ಮಕ್ಕಳೂ ಸೇರಿ ಊರಿನ ಮನೆ ಮಾರಿದ್ದರು. ಅಮ್ಮನ ಸಹಿ ಹಾಕಿಸಿಕೊಂಡಿದ್ದರು, ಮನಸ್ಸು ಕೇಳಿರಲಿಲ್ಲ. "ಮಾರಬೇಡಿ ಅಂತ ನಾನು ಅಂತಿರಲಿಲ್ಲ. ಒಂದು ಮಾತು ಕೇಳಬಹುದಿತ್ತು." ಇಷ್ಟೇ ಆಕೆ ಅಂದಿದ್ದು.

ಮನೆ ವಾಪಸ್ ಬರಲಿಲ್ಲ. ಅದು ಮಾರಿ ಆಗಿತ್ತು. ಕೌನ್ಸೆಲಿಂಗ್ ಅಂದರೆ ಕಳೆದದ್ದನ್ನು ತಂದುಕೊಡುವ ಮಂತ್ರ ಅಲ್ಲ. ನಿದ್ದೆಗೆ, ಖಿನ್ನತೆಗೆ ಮಾತ್ರೆಯೂ ಬೇಕು ಅಂತ ಅವರೇ ಮನೋವೈದ್ಯರ ಹತ್ತಿರ ಕಳಿಸಿದರು. ಆದರೆ ಈಗ ಆಕೆ ಊಟ ಮಾಡ್ತಾರೆ, ಸಂಜೆ ಕೆಳಗಿಳಿದು ಪಾರ್ಕಿನಲ್ಲಿ ಪಂಜಾಬಿ ಅಜ್ಜಿಯರ ಜೊತೆ ಕೈಸನ್ನೆಯಲ್ಲೇ ಹರಟುತ್ತಾರೆ. ವರ್ಷಕ್ಕೆ ಎರಡು ತಿಂಗಳು ಊರಿನಲ್ಲಿ ತಂಗಿಯ ಮನೆಯಲ್ಲಿರುವ ಏರ್ಪಾಡೂ ಆಗಿದೆ. ನನ್ನ ಕೇಳಿದರೆ ಇದು ಸಣ್ಣ ವಿಷಯ ಅಲ್ಲ.

"ಇದೆಲ್ಲ ಅಮೆರಿಕದಿಂದ ಬಂದ ಫ್ಯಾಷನ್ನು" ಅನ್ನುವವರಿಗೆ ಒಂದೆರಡು ಮಾತು. ದೂರದಿಂದ, ಗುರುತು ಹೇಳದೆ, ಕಾಣದ ಡಾಕ್ಟರ ಹತ್ತಿರ ಮನಸ್ಸು ಬಿಚ್ಚಿಡೋದು ಕನ್ನಡಿಗರಿಗೆ ಹೊಸದೇನಲ್ಲ. ವಾರಪತ್ರಿಕೆ ಬಂದ ಕೂಡಲೇ ಮೊದಲು ಪ್ರಶ್ನೋತ್ತರದ ಪುಟ ತೆಗೆಯುತ್ತಿದ್ದವರು ನಾವೇ ತಾನೆ? "ಹೆಸರು ಬೇಡ, ಊರು ಬೇಡ" ಅಂತ ಬರೆದು ಅಂಚೆಗೆ ಹಾಕಿದ ಕಾಗದಕ್ಕೆ ಅಲ್ಲಿ ಉತ್ತರ ಬರೋದು. ಆನ್‌ಲೈನ್ ಅನ್ನೋ ಪದ ಹುಟ್ಟುವ ಮುಂಚಿನ ಮಾತು ಇದು. ಡಾಕ್ಟರಾಗಿದ್ದ ಅನುಪಮಾ ನಿರಂಜನ ಅವರ 'ದಾಂಪತ್ಯ ದೀಪಿಕೆ'ಯನ್ನು ನಮ್ಮ ಅಕ್ಕಂದಿರು ಎಷ್ಟು ಜನ ರಟ್ಟು ಹಾಕಿ ಬಚ್ಚಿಟ್ಟು ಓದಿಲ್ಲ? 'ಕೊರವಂಜಿ' ನಡೆಸಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾಕ್ಟರ್ ಎಂ. ಶಿವರಾಂ, ಮನಸ್ಸಿನ ವಿಚಾರ ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾಕ್ಟರ್ ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕಗಳು ಇನ್ನೂರು ದಾಟಿವೆ. ಬೆಂಗಳೂರಿನಲ್ಲಿ 'ಸಮಾಧಾನ' ಅನ್ನೋ ಸಲಹಾ ಕೇಂದ್ರ ನಡೆಸಿದರು, ಸಾಮಾನ್ಯ ಜನರಿಗೇ ಆಪ್ತಸಲಹೆಯ ತರಬೇತಿ ಕೊಟ್ಟರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮನಸ್ಸಿನ ಬಗ್ಗೆ ಕನ್ನಡದಲ್ಲಿ ಮಾತಾಡೋಕೆ ಪದವೇ ಇಲ್ಲ ಅನ್ನುವವರು ಇವರ ಒಂದು ಪುಸ್ತಕ ತೆರೆದು ನೋಡಲಿ.

ಇನ್ನು "ಹುಚ್ಚಾಸ್ಪತ್ರೆ" ಅಂತ ನಾವು ಚಿಕ್ಕವರಿದ್ದಾಗ ಹೆದರಿಸುತ್ತಿದ್ದ ಜಾಗದ ಕಥೆ. ಬೆಂಗಳೂರಿನ ಆ ಹಳೆಯ ಮಾನಸಿಕ ಆಸ್ಪತ್ರೆ, 1954ರಲ್ಲಿ ಅದರ ಜೊತೆ ಶುರುವಾದ ಸಂಸ್ಥೆ, ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಎಪ್ಪತ್ತರ ದಶಕದಲ್ಲೇ ಅಲ್ಲಿನ ಡಾಕ್ಟರುಗಳು ಬೆಂಗಳೂರಿನ ಹೊರಗಿನ ಸಕಲವಾರ ಅನ್ನೋ ಹಳ್ಳಿಗೆ ಹೋಗಿ, ಮನಸ್ಸಿನ ಕಾಯಿಲೆ ಗುರುತಿಸೋಕೆ ಸಾಮಾನ್ಯ ಆರೋಗ್ಯ ಕಾರ್ಯಕರ್ತರಿಗೆ ಹೇಳಿಕೊಡಬಹುದು ಅಂತ ತೋರಿಸಿದರು. ಎಂಬತ್ತರ ದಶಕದಲ್ಲಿ ಅದನ್ನೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದರು. 1996ರಲ್ಲಿ ಕೇಂದ್ರ ಸರಕಾರ ದೇಶಕ್ಕೆಲ್ಲ ತಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ರೋಗಿ ಡಾಕ್ಟರ ಹತ್ತಿರ ಬರಲಾಗದಿದ್ದರೆ ಚಿಕಿತ್ಸೆಯೇ ರೋಗಿಯ ಹತ್ತಿರ ಹೋಗಬೇಕು. ಆಗ ಜೀಪಿನಲ್ಲಿ ಹೋಯಿತು, ಈಗ ಫೋನಿನಲ್ಲಿ ಬರ್ತಿದೆ. ಅಷ್ಟೇ ವ್ಯತ್ಯಾಸ.

ಮನೆಯವರನ್ನೂ ಸೇರಿಸಿಕೊಂಡು ಚಿಕಿತ್ಸೆ ಮಾಡೋದೂ ನಮ್ಮ ದೇಶದ್ದೇ ಹಳೆಯ ವಿಚಾರ. ನಮ್ಮ ಜನಕಪುರಿ ತಿಲಕನಗರದ ನೆರೆಹೊರೆಯವರಲ್ಲಿ ಎಷ್ಟೋ ಜನರ ಹಿರಿಯರು ಪಂಜಾಬಿನವರು. ಅದೇ ಪಂಜಾಬಿನ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅಂತ ಇದ್ದರು. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಮನೆಯವರನ್ನೂ ಅಲ್ಲೇ ಇರಿಸಿಕೊಂಡು, ಎಲ್ಲರನ್ನೂ ಕೂರಿಸಿ ಕಾಯಿಲೆಯ ಬಗ್ಗೆ ತಿಳಿ ಹೇಳುತ್ತಿದ್ದರು. ರೋಗಿಯನ್ನು ಬಿಟ್ಟುಹೋಗಿ ಕೈತೊಳೆದುಕೊಳ್ಳುತ್ತಿದ್ದ ಕಾಲದಲ್ಲಿ! ಇವತ್ತು ಮೂರು ಊರಲ್ಲಿರುವ ಸಂಸಾರವನ್ನು ಒಂದು ಪರದೆಯಲ್ಲಿ ಕೂರಿಸೋದು ಅದೇ ಡೇರೆಯ ಹೊಸ ರೂಪ ಅಂತ ನನಗನ್ನಿಸುತ್ತೆ.

ಈಗ ಗಂಡ ಹೆಂಡಿರ ವಿಷಯ. ಊರಿನಲ್ಲಾಗಿದ್ದರೆ ಜಗಳ ಜಾಸ್ತಿಯಾದಾಗ ಸೋದರಮಾವನೋ ದೊಡ್ಡಪ್ಪನೋ ಬಂದು ಜಗಲಿಯಲ್ಲಿ ಕೂತು ಪಂಚಾಯ್ತಿ ಮಾಡೋರು. ಆ ಪಂಚಾಯ್ತಿ ಎಷ್ಟು ನ್ಯಾಯವಾಗಿರುತ್ತಿತ್ತು ಅನ್ನೋದನ್ನ ಹೆಂಗಸರನ್ನು ಕೇಳಿ. ಬಹಳ ಸಲ ತೀರ್ಪು ಮೊದಲೇ ಬರೆದಿರುತ್ತಿತ್ತು, "ನೀನೇ ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಅಂತ. ಇಲ್ಲಿ ಆ ದೊಡ್ಡಪ್ಪನೂ ಇಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ಅವನಿರುವ ಊರು ಎರಡು ರಾತ್ರಿಯ ದೂರ. ಇಲ್ಲಿರುವ ಕನ್ನಡದವರ ಹತ್ತಿರ ಹೇಳೋಣ ಅಂದರೆ, ನಿಮಗೆ ಗೊತ್ತಲ್ಲ ನಮ್ಮ ಬಳಗ ಎಷ್ಟು ಚಿಕ್ಕದು ಅಂತ. ಗಣೇಶ ಹಬ್ಬದ ಪ್ರಸಾದದ ಸಾಲಿನಲ್ಲಿ ಹೇಳಿದ್ದು ರಾಜ್ಯೋತ್ಸವದ ಹೊತ್ತಿಗೆ ದ್ವಾರಕಾ, ಆರ್.ಕೆ. ಪುರಂ, ನೊಯ್ಡಾ ಎಲ್ಲ ಸುತ್ತಿ ಬಂದಿರುತ್ತೆ. ಆದ್ದರಿಂದ ನಮ್ಮ ಭಾಷೆಯವರೇ ಬೇಕು, ಆದರೆ ನಮ್ಮ ಬಳಗದವರು ಆಗಿರಬಾರದು. ಇವೆರಡೂ ಒಟ್ಟಿಗೆ ಸಿಗೋದು ದೂರದಿಂದ ಮಾತ್ರ. ಮೈಸೂರಿನಲ್ಲೋ ಧಾರವಾಡದಲ್ಲೋ ಕೂತ ಸಲಹೆಗಾರರು ನಾಳೆ ಪ್ರಸಾದದ ಸಾಲಿನಲ್ಲಿ ನಿಮ್ಮ ಹಿಂದೆ ನಿಂತಿರೋದಿಲ್ಲ.

ಇನ್ನೊಂದು ಗಮನಿಸಿ. ಮಕ್ಕಳ ಓದಿಗೆ ಅಂತ ಹೆಂಡತಿ ಮೈಸೂರಿನಲ್ಲಿ, ಗಂಡ ದೆಹಲಿಯಲ್ಲಿ, ಹೀಗೆ ಎರಡು ಒಲೆ ಹೂಡಿದ ಸಂಸಾರಗಳು ನಮ್ಮಲ್ಲಿ ಎಷ್ಟಿವೆ! ಇಬ್ಬರೂ ಒಂದೇ ಕೋಣೆಗೆ ಬರಲಿ ಅಂತ ಕಾದರೆ ಬೇಸಿಗೆ ರಜೆಯೇ ಬರಬೇಕು. ಇನ್ನು ಕೆಲವು ಮನೆಗಳಲ್ಲಿ ಗಂಡ ಕನ್ನಡದವನು, ಹೆಂಡತಿ ಪಂಜಾಬಿನವಳು. ಅಲ್ಲಿ ಕನ್ನಡದ ಸಲಹೆಗಾರರೇ ಬೇಕು ಅಂತ ಹಟ ಹಿಡಿಯೋದು ಅನ್ಯಾಯ. ಯಾವ ಭಾಷೆಯಲ್ಲಿ ಜಗಳ ಆಡ್ತೀರೋ ಆ ಭಾಷೆ ಇಬ್ಬರಿಗೂ ಸಮವಾಗಿ ಬರುತ್ತಾ ಅನ್ನೋದೇ ಮೊದಲ ಪ್ರಶ್ನೆ.

ಇಷ್ಟು ಹೊಗಳಿದ ಮೇಲೆ ಎಚ್ಚರಿಕೆಯನ್ನೂ ಹೇಳದಿದ್ದರೆ ತಪ್ಪಾಗುತ್ತೆ. ಯಾಕಂದರೆ ಇದು ಈಗ ದೊಡ್ಡ ವ್ಯಾಪಾರ. ಕೈಯಲ್ಲಿ ಫೋನಿದ್ದವರೆಲ್ಲ ಲೈಫ್ ಕೋಚು, ಹೀಲರು, ಕೌನ್ಸೆಲರು.

ಮೊದಲನೇದು, ಯಾರು ಅಂತ ನೋಡಿ. ಮಾತ್ರೆ ಬರೆಯೋಕೆ ಅಧಿಕಾರ ಇರೋದು ಮನೋವೈದ್ಯರಿಗೆ, ಅಂದರೆ ಎಂಬಿಬಿಎಸ್ ಆದಮೇಲೆ ಅದನ್ನೇ ಓದಿದವರಿಗೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ನಿಯಮಗಳ ಪ್ರಕಾರ ಅವರು ತಮ್ಮ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆಯನ್ನು ನಿಮಗೆ ಕಾಣುವಂತೆ ತೋರಿಸಲೇಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅದೇ ಆರ್‌ಸಿಐನಲ್ಲಿ, ನೋಂದಣಿ ಇರಬೇಕು. ನಂಬರ್ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಅಲ್ಲಿಗೇ ನಮಸ್ಕಾರ ಹೇಳಿ. ಮಗಳಿಗೆ ಗಂಡು ನೋಡುವಾಗ ಏಳು ತಲೆಮಾರು ವಿಚಾರಿಸುವ ನಾವು, ಮನೆಯ ಗುಟ್ಟೆಲ್ಲ ಹೇಳಿಕೊಳ್ಳುವವರ ಓದು ಏನು ಅಂತ ಕೇಳೋಕೆ ನಾಚಿಕೊಳ್ತೀವಿ.

ಎರಡನೇದು, ಗುಟ್ಟು ಗುಟ್ಟಾಗಿ ಉಳಿಯುತ್ತಾ? ಅಮೆರಿಕದಲ್ಲಿ ಬೆಟರ್‌ಹೆಲ್ಪ್ ಅಂತ ಬಹಳ ದೊಡ್ಡ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ ಇದೆ. ಜನ ನಂಬಿ ಕೊಟ್ಟ ವಿವರಗಳನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥವರಿಗೆ ಕೊಟ್ಟಿದ್ದಕ್ಕೆ 2023ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಅವರಿಂದ 78 ಲಕ್ಷ ಡಾಲರ್ ಕಕ್ಕಿಸಿತು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ, ನಿಜ. ಆದರೆ ಕಾಯ್ದೆ ಇದೆ ಅಂತ ಬಾಗಿಲು ತೆರೆದಿಟ್ಟು ಮಲಗೋಕಾಗುತ್ತಾ? ಆಪ್ ಮೂಲಕ ಹೋಗುವ ಬದಲು ಹೆಸರು, ಓದು, ವಿಳಾಸ ಗೊತ್ತಿರುವ ಒಬ್ಬ ವ್ಯಕ್ತಿಯ ಹತ್ತಿರ ಹೋಗೋದು ವಾಸಿ ಅನ್ನೋದು ನನ್ನ ಅಭಿಪ್ರಾಯ.

ಮೂರನೇದು, ಎಲ್ಲದಕ್ಕೂ ಇದು ಮದ್ದಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಗಂಡನ ಪಕ್ಕದಲ್ಲೇ ಕೂತು ವಿಡಿಯೋದಲ್ಲಿ ಮಾತಾಡಿ ಅಂತ ಹೆಂಡತಿಗೆ ಹೇಳೋದು ಅಪಾಯ. ಇವತ್ತು ಸಲಹೆಗಾರರ ಮುಂದೆ ನಿಜ ಹೇಳಿದ್ದಕ್ಕೆ ರಾತ್ರಿ ಏಟು ತಿನ್ನಬೇಕಾದೀತು. ಅಂಥವರಿಗೆ ಮಹಿಳಾ ಸಹಾಯವಾಣಿ 181 ಇದೆ, ತುರ್ತಿಗೆ 112 ಇದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಹಾಗೇ ಯಾರಾದರೂ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಮಾತಾಡಿದರೆ, ಇಲ್ಲದ ದನಿ ಕೇಳಿಸ್ತಿದೆ ಅಂದರೆ, ದಿನಗಟ್ಟಲೆ ನಿದ್ದೆಯಿಲ್ಲದೆ ಕೆರಳಿದ್ದರೆ ಮುಂದಿನ ವಾರದ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಒಬ್ಬರನ್ನೇ ಬಿಡದೆ ನೇರ ಆಸ್ಪತ್ರೆಗೆ ಕರಕೊಂಡು ಹೋಗಿ. ದಿಲ್‌ಶಾದ್ ಗಾರ್ಡನ್ನಿನಲ್ಲಿ ಇಹಬಾಸ್ ಇದೆ, ಸರಕಾರದ್ದು. ಜನಕಪುರಿಯಿಂದ ಊರಿನ ಇನ್ನೊಂದು ತುದಿ, ಮೆಟ್ರೋದಲ್ಲಿ ಗಾಡಿ ಬದಲಿಸಿ ಹೋಗಬೇಕು. ಅಷ್ಟು ದೂರ ಹೋಗೋ ಹೊತ್ತಲ್ಲದಿದ್ದರೆ ಹತ್ತಿರದ ಯಾವುದೇ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿ ಸಾಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದಮೇಲೆ, ಜೀವ ಕಳಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾನೂನು ಎಣಿಸುತ್ತೆ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ.

ನಾಲ್ಕನೇದು, ದುಡ್ಡು. ಖಾಸಗಿಯಾಗಿ ಮಾತಾಡಿದರೆ ಒಂದೊಂದು ಸಲಕ್ಕೂ ಸಾವಿರಾರು ರೂಪಾಯಿ ಬಿಡಬೇಕು. ವಾರಕ್ಕೊಂದರಂತೆ ಎಂಟು ಹತ್ತು ಸಲ ಅಂದರೆ ನಿವೃತ್ತರಿಗೆ ಭಾರವೇ. ಅದೇ 2017ರ ಕಾಯ್ದೆ ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅನ್ನುತ್ತೆ. ಆದರೆ ನಮ್ಮ ಪಾಲಿಸಿಗಳು ಹೆಚ್ಚಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುವಂಥವು. ಮಾತಿನ ಚಿಕಿತ್ಸೆಯ ಖರ್ಚು ಸಾಮಾನ್ಯವಾಗಿ ನಮ್ಮ ಜೇಬಿನದೇ.

ಅದಕ್ಕೇ ಎಲ್ಲರಿಗೂ ಗೊತ್ತಿರಲೇಬೇಕಾದ ಒಂದು ನಂಬರ್ 14416. ಟೆಲಿ ಮಾನಸ್ ಅಂತ ಹೆಸರು. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರು ಮಾಡಿದ್ದು. ಇದರ ಕೇಂದ್ರ ನಮ್ಮ ನಿಮ್ಹಾನ್ಸೇ, ತಾಂತ್ರಿಕ ಬೆಂಬಲ ಬೆಂಗಳೂರಿನ ಟ್ರಿಪಲ್ ಐಟಿಯದು. ದಿನದ 24 ಗಂಟೆಯೂ ಇದೆ, ಪುಕ್ಕಟೆ. 20 ಭಾಷೆಗಳಿವೆ, ಅದರಲ್ಲಿ ಕನ್ನಡವೂ ಒಂದು. ಕರೆ ಮಾಡಿದಾಗ ಭಾಷೆ ಆರಿಸಿಕೊಳ್ಳಬಹುದು. ಮೊದಲು ತರಬೇತಿ ಪಡೆದ ಸಲಹೆಗಾರರು ಮಾತಾಡ್ತಾರೆ. ಅವರಿಂದ ಆಗದಿದ್ದರೆ ಮನೋವೈದ್ಯರಿಗೆ ದಾಟಿಸ್ತಾರೆ, ಇಲ್ಲವೇ ಹತ್ತಿರದ ಆಸ್ಪತ್ರೆಯ ದಾರಿ ಹೇಳ್ತಾರೆ. ಇದುವರೆಗೆ 20 ಲಕ್ಷಕ್ಕೂ ಹೆಚ್ಚು ಕರೆ ಬಂದಿವೆ. ವಾರವಾರ ಒಬ್ಬರ ಹತ್ತಿರವೇ ಕೂತು ಮಾಡುವ ದೀರ್ಘ ಚಿಕಿತ್ಸೆಗೆ ಇದು ಬದಲಿ ಅಲ್ಲ. ಆದರೆ ರಾತ್ರಿ ಮೂರು ಗಂಟೆಗೆ ಅಡುಗೆಮನೆಯ ಕತ್ತಲಲ್ಲಿ ಕೂತವರಿಗೆ ಒಂದು ದನಿ ಬೇಕಲ್ಲ, ಅದಕ್ಕೆ ಇದು ಸಾಕು.

ಇದು ಬೇಕೋ ಬೇಡವೋ ಅನ್ನುವವರಿಗೆ ಒಂದು ಲೆಕ್ಕ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ 10.6 ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಕಾಯಿಲೆ ಯಾವುದು ಅನ್ನೋದರ ಮೇಲೆ, ಅವರಲ್ಲಿ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮೆಟ್ರೋ ನಗರಗಳಲ್ಲಿ ತೊಂದರೆ ಇನ್ನೂ ಜಾಸ್ತಿ. ಅಂದರೆ ನಮ್ಮ ಸಂಘದ ಕಾರ್ಯಕ್ರಮಕ್ಕೆ ಇನ್ನೂರು ಜನ ದೊಡ್ಡವರು ಬಂದರೆ ಅದರಲ್ಲಿ ಇಪ್ಪತ್ತು ಜನ ಬಿಸಿಬೇಳೆ ಭಾತು ತಿನ್ನುತ್ತಾ ನಗುತ್ತಾ ಒಳಗೊಳಗೇ ಏನನ್ನೋ ನುಂಗುತ್ತಿರಬಹುದು.

"ನಾವೆಲ್ಲ ತಡಕೊಂಡು ಬದುಕಿಲ್ವೇನ್ರೀ?" ಅಂತ ಒಬ್ಬ ಹಿರಿಯರು ನನ್ನನ್ನು ಕೇಳಿದರು. ಬದುಕಿದ್ದೀವಿ ಸಾರ್, ನಿಜ. ಆದರೆ ತಡಕೊಂಡವರು ಯಾರು, ಅದರ ಬೆಲೆ ತೆತ್ತವರು ಯಾರು? ಗಂಡಸರು ತಡಕೊಂಡಿದ್ದು ಎಷ್ಟೋ ಮನೆಗಳಲ್ಲಿ ಸಂಜೆಯ ಬಾಟಲಿಯ ಸಹಾಯದಿಂದ. ಹೆಂಗಸರು ತಡಕೊಂಡಿದ್ದು ಬಿಪಿ ಮಾತ್ರೆಯ ಜೊತೆಗೆ. ಮನೆ ಗುಟ್ಟು ರಟ್ಟಾಗಬಾರದು ಅನ್ನೋದು ಒಳ್ಳೆಯ ಮಾತೇ. ಗುಟ್ಟು ಕಾಯುವ ಒಬ್ಬರ ಹತ್ತಿರ ಹೇಳಿದರೆ ರಟ್ಟಾಗೋದಿಲ್ಲ. ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡರೆ ಒಂದು ದಿನ ಅದೇ ಬೀದಿಗೆ ಬಂದು ನಿಲ್ಲುತ್ತೆ.

ಕೊನೆಗೆ ಒಂದು ಪ್ರಾಕ್ಟಿಕಲ್ ತೊಂದರೆ, ಒಂದು ಸಲಹೆ. ನಮ್ಮ ಎರಡು ಕೋಣೆಯ ಫ್ಲ್ಯಾಟುಗಳಲ್ಲಿ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡುವ ಜಾಗ ಎಲ್ಲಿದೆ? ಸೊಸೆಗೆ ಹೇಳಬೇಕಾಗಿರೋದು ಅತ್ತೆಯ ಬಗ್ಗೆ, ಅತ್ತೆ ಪಕ್ಕದ ಕೋಣೆಯಲ್ಲಿ. ಕೆಲವರು ಕಾರಿನೊಳಗೆ ಕೂತು ಮಾತಾಡ್ತಾರೆ. ಕಾರಿಲ್ಲದವರು ಟೆರೇಸಿಗೆ ಹೋಗ್ತಾರೆ. ಜೂನ್ ತಿಂಗಳಲ್ಲಿ ದೆಹಲಿಯ ಟೆರೇಸು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮ ದೆಹಲಿ ಕರ್ನಾಟಕ ಸಂಘಕ್ಕೆ ಆರ್.ಕೆ. ಪುರಂನಲ್ಲಿ ಸ್ವಂತ ಕಟ್ಟಡ ಇದೆ. ಬಡಾವಣೆಗೊಂದರಂತೆ ಕನ್ನಡ ಬಳಗಗಳಿವೆ. ನಾಟಕಕ್ಕೆ, ಯಕ್ಷಗಾನಕ್ಕೆ, ಊಟಕ್ಕೆ ಜಾಗ ಕೊಡುವ ನಾವು ಭಾನುವಾರ ಒಂದು ಚಿಕ್ಕ ಕೋಣೆಯನ್ನ ಇದಕ್ಕೆ ಬಿಡಬಹುದಲ್ಲ? ಒಂದು ಕುರ್ಚಿ, ಇಂಟರ್ನೆಟ್ಟು, ಚಿಲಕ ಸರಿಯಾಗಿ ಹಾಕೋಕೆ ಬರುವ ಬಾಗಿಲು. ಹೆಸರು ಬರೆಸುವ ಪುಸ್ತಕ ಮಾತ್ರ ಬೇಡ. ಯಾರು ಬಂದರು, ಯಾಕೆ ಬಂದರು ಅಂತ ಕಾರ್ಯದರ್ಶಿಗೂ ಗೊತ್ತಾಗಬಾರದು. ಜೊತೆಗೆ ಕನ್ನಡ ಮಾತಾಡುವ, ನೋಂದಣಿ ಇರುವ ಮನೋವೈದ್ಯರು, ಸೈಕಾಲಜಿಸ್ಟರ ಒಂದು ಪಟ್ಟಿಯನ್ನ ಯಾರಾದರೂ ಓದಿದವರು ಕೂತು ತಯಾರಿಸಿದರೆ ಪುಣ್ಯ ಬರುತ್ತೆ. ಮುಂದಿನ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯ ಹಿಂಬದಿ ಖಾಲಿಯೇ ಇರುತ್ತೆ. ಅಲ್ಲಿ ದಪ್ಪ ಅಕ್ಷರದಲ್ಲಿ 14416 ಅಂತ ಅಚ್ಚು ಹಾಕೋಕೆ ಹೆಚ್ಚಿನ ಖರ್ಚೂ ಇಲ್ಲ.

ಅಷ್ಟರವರೆಗೆ ನೀವೇ ಒಂದು ಕೆಲಸ ಮಾಡಬಹುದು. ನಿಮ್ಮ ಮನೆಯಲ್ಲಿ ಊರಿಂದ ಬಂದ ಅಪ್ಪನೋ ಅಮ್ಮನೋ ಇದ್ದರೆ, "ಬೇಜಾರು" ಅಂದಾಗ ಟೀವಿ ರಿಮೋಟ್ ಕೈಗೆ ಕೊಡಬೇಡಿ. "ಎಂಥಾ ಬೇಜಾರು?" ಅಂತ ಕೇಳಿ. ಉತ್ತರ ನಿಮ್ಮ ಹತ್ತಿರ ಹೇಳೋಕಾಗದಿದ್ದರೆ, ಹೇಳಿಕೊಳ್ಳಬಹುದಾದ ಒಬ್ಬರನ್ನು ಹುಡುಕಿಕೊಟ್ಟು, ನೀವು ಕೋಣೆಯಿಂದ ಆಚೆ ಬಂದುಬಿಡಿ.

ಏನಂತೀರಿ?